ಗುಡ್ಡದ ಸೈಕಲ್ ದಾರಿಗೂ ಬದುವಿನ ಲೆಕ್ಕವೇ ಬೇಕು

ನಮ್ಮ ಕಡೆ ಗುಡ್ಡಕ್ಕೆ ಹೋಗುವವರು ಮೊದಲಿಂದ ಮೂರೇ ಥರದವರು. ಕುರಿ-ದನ ಮೇಯಿಸುವವರು, ಸೌದೆ-ಹುಲ್ಲು ತರುವವರು, ಗುಡ್ಡದ ದೇವರಿಗೆ ಕಾಯಿ ಒಡೆಸಲು ಹೋಗುವವರು. ಈಗ ನಾಲ್ಕನೆಯವರು ಬಂದಿದ್ದಾರೆ, ಗೇರ್ ಸೈಕಲ್‌ನವರು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ದಾವಣಗೆರೆ ಬಿಟ್ಟು ಬಾತಿ ಗುಡ್ಡದ ಕಡೆಗೋ, ಸುಮಾರು 15 ಕಿ.ಮೀ. ದೂರದ ಕೊಂಡಜ್ಜಿ ಕಡೆಗೋ ಹೊರಡುತ್ತಾರೆ. ದಪ್ಪ ಟೈರು, ಮುಂದಿನ ಗಾಲಿಗೆ ಶಾಕ್ ಅಬ್ಸಾರ್ಬರ್, ತಲೆಗೆ ಹೆಲ್ಮೆಟ್. ಡಾಂಬರು ರಸ್ತೆ ಅವರಿಗೆ ಬೇಡ. ಕಲ್ಲು, ಕುಣಿ, ಏರು, ಇಳಿಜಾರು ಇರುವ ದಾರಿಯೇ ಬೇಕು.

"ಇವರಿಗೇನು ಕೆಲಸ ಇಲ್ಲವಾ?" ಅಂತ ಕಟ್ಟೆ ಮೇಲೆ ಕೂತವರು ನಗುತ್ತಾರೆ. ನಾನು ನಗುವುದಿಲ್ಲ. ಹೊಗೆ ಇಲ್ಲ, ಸದ್ದಿಲ್ಲ, ಮೈ ಬೆವರು ಸುರಿಸಿ ಹತ್ತುತ್ತಾರೆ. ಪೇಟೆ ಹುಡುಗರು ಗುಡ್ಡ ನೋಡಲಿ, ಒಳ್ಳೇದೇ. ನನ್ನ ತಕರಾರು ಸೈಕಲ್ ಮೇಲಲ್ಲ, ದಾರಿ ಮೇಲೆ. ಗುಡ್ಡದಲ್ಲಿ ನೆಟ್ಟಗೆ ಇಳಿಯುವ ದಾರಿ ಯಾರು ಮಾಡಿದರೂ ಅದು ನಾಲ್ಕು ಮಳೆಗೆ ಕೊರಕಲು ಆಗುತ್ತದೆ. ಆ ಕೊರಕಲಿನ ಮಣ್ಣು ಬಂದು ಬೀಳುವುದು ಕೆಳಗಿನವರ ಹೊಲಕ್ಕೆ, ಕೆರೆಗೆ.

ಗೆರೆಯೇ ಹಳ್ಳವಾಗುವ ಬಗೆ

ನಮ್ಮ ಸೀಮೆಯ ಮಳೆ ವರ್ಷಕ್ಕೆ 600ರಿಂದ 650 ಮಿಲಿಮೀಟರ್ ಆಸುಪಾಸು. ಲೆಕ್ಕಕ್ಕೆ ಕಮ್ಮಿ. ಆದರೆ ಅದು ಬರುವ ರೀತಿ ಒಣಭೂಮಿ ರೈತರಿಗೆಲ್ಲ ಗೊತ್ತು. ತಿಂಗಳುಗಟ್ಟಲೆ ಕಾಯಿಸಿ, ಒಂದು ದಿನ ಬಂದರೆ ಒಂದೇ ತಾಸಿನಲ್ಲಿ ಬದು ಒಡೆಯುವಂತೆ ಸುರಿಯುತ್ತದೆ. ಅಂಥ ಮಳೆಗೆ ಇಳಿಜಾರಿನಲ್ಲಿ ಒಂದು ಗೆರೆ ಸಿಕ್ಕರೆ ಸಾಕು, ನೀರೆಲ್ಲ ಅದರೊಳಗೇ ಸೇರಿ ಓಡುತ್ತದೆ. ಓಡುವ ನೀರು ಮಣ್ಣು ಹೊತ್ತೇ ಹೋಗುತ್ತದೆ. ಬ್ರೇಕ್ ಹಿಡಿದು ಗಾಲಿ ಜಾರಿಸುತ್ತ ಇಳಿದರೆ ಆ ಗೆರೆ ಇನ್ನೂ ಆಳ ಆಗುತ್ತದೆ. ಮಳೆಗೆ ದಾರಿ ಕೆಟ್ಟ ಮೇಲೆ ಸವಾರರು ಪಕ್ಕದಲ್ಲಿ ಇನ್ನೊಂದು ದಾರಿ ಹಿಡಿಯುತ್ತಾರೆ. ಒಂದು ಇದ್ದದ್ದು ಮೂರಾಗುತ್ತದೆ. ಹುಲ್ಲು, ಬಂದರಿಕೆ, ಕವಳೆ ಗಿಡ ಎಲ್ಲ ಹೋಗಿ ಬರೀ ಗರಸು ಉಳಿಯುತ್ತದೆ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಗಾಲಿಗಿಂತ ಗೊರಸು ಹೆಚ್ಚು ಮಣ್ಣು ಸಡಿಲ ಮಾಡುತ್ತದೆ. ಅಮೆರಿಕದ ಮೊಂಟಾನಾ ಅನ್ನುವ ಸೀಮೆಯಲ್ಲಿ ಗುಡ್ಡದ ದಾರಿಗಳ ಮೇಲೆ ಕುದುರೆ, ಮನುಷ್ಯರು, ಮೋಟಾರ್ ಬೈಕು, ಸೈಕಲ್ಲು ಎಲ್ಲವನ್ನೂ ಓಡಾಡಿಸಿ ನೋಡಿ, 1994ರಲ್ಲಿ ಅದನ್ನು ಪ್ರಕಟಿಸಿದ್ದಾರೆ. ಗಾಲಿಗಳಿಗಿಂತ ಕುದುರೆ ಗೊರಸು, ಮನುಷ್ಯರ ಕಾಲು ಇವುಗಳಿಂದಲೇ ಮಣ್ಣು ಹೆಚ್ಚು ಸಡಿಲವಾಗಿತ್ತು. ಹಾಗಾದರೆ ನಮ್ಮ ಕುರಿ ಹಿಂಡಿನ ದಾರಿ ಯಾಕೆ ಅಷ್ಟು ಕೊರೆಯುವುದಿಲ್ಲ? ಮೇಯುವ ಕುರಿ-ದನ ಗುಡ್ಡಕ್ಕೆ ಅಡ್ಡಡ್ಡ ಹೋಗುತ್ತವೆ. ಗುಡ್ಡ ನೋಡಿದರೆ ಅವುಗಳ ಜಾಡು ಮೆಟ್ಟಿಲು ಮೆಟ್ಟಿಲಾಗಿ ಅಡ್ಡ ಕಾಣುತ್ತದೆ. ನೆಟ್ಟಗೆ ಇಳಿಯುವ ಚಪಲ ಮನುಷ್ಯನಿಗೆ ಮಾತ್ರ.

ಅವರ ಶಾಸ್ತ್ರವೂ ಇದನ್ನೇ ಹೇಳುತ್ತದೆ

ಈ ಆಟ ಹುಟ್ಟಿದ ಕಥೆಯನ್ನು ನನ್ನ ಅಣ್ಣನ ಮಗ ಓದಿ ಹೇಳಿದ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಅನ್ನುವ ಕಡೆ ಕೆಲವು ಹುಡುಗರು ಹಳೇ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಬಿಡಲು ಶುರು ಮಾಡಿದರು. 1976ರಲ್ಲಿ ಅಲ್ಲಿ ಪಂದ್ಯವೂ ನಡೆಯಿತು. ಬರಬರುತ್ತ ನಡೆಯುವವರಿಗೂ ಕುದುರೆಯವರಿಗೂ ಇವರಿಗೂ ಜಗಳ ಹತ್ತಿತು. ಸೈಕಲ್ಲಿಗೆ ದಾರಿಗಳು ಮುಚ್ಚತೊಡಗಿದವು. ಆಗ, 1988ರಲ್ಲಿ, ಸೈಕಲ್‌ನವರ ಸಂಘಗಳು ಸೇರಿ ಇಂಟರ್‌ನ್ಯಾಷನಲ್ ಮೌಂಟೇನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಕಟ್ಟಿಕೊಂಡರು. ದಾರಿ ಹೇಗೆ ಮಾಡಬೇಕು ಅಂತ ನಿಯಮ ಬರೆದರು.

ಆ ನಿಯಮ ಕೇಳಿ ನನಗೆ ಆಶ್ಚರ್ಯ ಆಯಿತು. ಮೊದಲನೆಯದು, ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು. ಗುಡ್ಡ 100 ಅಡಿಗೆ 16 ಅಡಿ ಇಳಿದರೆ ದಾರಿ 8 ಅಡಿಗಿಂತ ಹೆಚ್ಚು ಇಳಿಯಬಾರದು. ಎರಡನೆಯದು, ಗುಡ್ಡ ಎಷ್ಟೇ ಕಡಿದಾಗಿದ್ದರೂ ಒಟ್ಟು ದಾರಿಯ ಸರಾಸರಿ 100ಕ್ಕೆ 10 ದಾಟಬಾರದು. ಮೂರನೆಯದು, ದಾರಿ ಕೆಳಬದಿಗೆ 100ಕ್ಕೆ 5ರಷ್ಟು ವಾಲಿರಬೇಕು. ನೀರು ದಾರಿಯ ಉದ್ದಕ್ಕೆ ಓಡದೆ ಅಡ್ಡ ದಾಟಿ ಹೋಗಬೇಕು. ನಾಲ್ಕನೆಯದು, ಇಳಿಯುವ ದಾರಿ ಅಲ್ಲಲ್ಲಿ ಸ್ವಲ್ಪ ಏರಿ ಮತ್ತೆ ಇಳಿಯಬೇಕು. ಅಲ್ಲಿಗೆ ಬಂದ ನೀರು ಹೊರಗೆ ಬೀಳುತ್ತದೆ.

ಇದು ನಮ್ಮ ಬದುವಿನ ಲೆಕ್ಕವೇ ಅಲ್ಲವೇ? ಇಳಿಜಾರಿಗೆ ಅಡ್ಡ ಉಳು, ಇಳಿಜಾರಿಗೆ ಅಡ್ಡ ಬಿತ್ತು, ಹರಿಯುವ ನೀರನ್ನು ನಡೆಸು, ನಡೆಯುವ ನೀರನ್ನು ನಿಲ್ಲಿಸು ಅಂತ ಜಲಾನಯನ ಇಲಾಖೆಯವರು ನಮಗೆ ಹೇಳಿದ್ದು ಇದನ್ನೇ. ಬದುವಿನ ಸಾಲು ಗುರುತಿಸಲು ಬಳಸುವ 'ಎ' ಚೌಕಟ್ಟು ಗೊತ್ತಿರುವವರಿಗೆ ಸೈಕಲ್ ದಾರಿಯ ಸಾಲು ಗುರುತಿಸುವುದು ಕಷ್ಟವಲ್ಲ. ಮೂರು ಗಳ, ಒಂದು ದಾರ, ಒಂದು ಕಲ್ಲು, ಅಷ್ಟೇ ಸಾಮಾನು. ಪೇಟೆಯಿಂದ ಇಂಜಿನಿಯರ್ ಬರಬೇಕಾಗಿಲ್ಲ.

ಗುಡ್ಡ ಖಾಲಿ ಜಾಗ ಅಲ್ಲ

ಎರಡನೇ ಮಾತು ಹಕ್ಕಿನದು. ಪೇಟೆಯವರ ಕಣ್ಣಿಗೆ ಗುಡ್ಡ ಖಾಲಿ ಕಾಣುತ್ತದೆ. ಅದರಲ್ಲಿ ಅರಣ್ಯ ಇಲಾಖೆಯದೆಷ್ಟು, ಗೋಮಾಳವೆಷ್ಟು, ಪಟ್ಟಾ ಜಮೀನೆಷ್ಟು ಅಂತ ಅವರಿಗೆ ತಿಳಿಯದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿ ವನ್ಯಧಾಮ. ಅಲ್ಲಿ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಸೈಕಲ್ ದಾರಿ ದೂರದ ಮಾತು. ಮೀಸಲು ಅರಣ್ಯದಲ್ಲೂ ಇಲಾಖೆಯನ್ನು ಕೇಳದೆ ಗಿಡ ಸವರಿ ದಾರಿ ಮಾಡುವುದು ಅಪರಾಧ.

ಆದರೆ ಊರ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಅಂತ ಚುಕ್ಕೆ ಗೆರೆಗಳಿವೆ. ನಕಾಶೆ ಕಂಡ ದಾರಿ ಅನ್ನುತ್ತೇವೆ. ಅವು ಎಲ್ಲರಿಗೂ ಸೇರಿದ್ದು. ಎಷ್ಟೋ ಊರಲ್ಲಿ ಅಕ್ಕಪಕ್ಕದ ಹೊಲದವರೇ ವರ್ಷಕ್ಕೊಂದು ಸಾಲು ಒತ್ತಿ ಒತ್ತಿ ಆ ದಾರಿ ನುಂಗಿದ್ದಾರೆ. ಸುಗ್ಗಿಯಲ್ಲಿ ಮೆಕ್ಕೆಜೋಳ ಸಾಗಿಸಲು ಟ್ರ್ಯಾಕ್ಟರ್ ಹೋಗದೆ ತಹಶೀಲ್ದಾರರ ಮುಂದೆ ನಿಂತವರು ಬಹಳ ಜನ. ಸೈಕಲ್‌ನವರಿಗೆ ದಾರಿ ಬೇಕಿದ್ದರೆ ಹೊಸದು ಕಡಿಯುವುದಕ್ಕಿಂತ ಈ ಹಳೇ ದಾರಿಗಳನ್ನು ಬಿಡಿಸಿಕೊಳ್ಳಲು ನಮ್ಮ ಜೊತೆ ನಿಲ್ಲಲಿ. ಅವರಿಗೆ ವಾರಕ್ಕೊಂದು ದಿನ ಸವಾರಿ ಆಯಿತು, ನಮಗೆ ವರ್ಷವಿಡೀ ಹೊಲಕ್ಕೆ ದಾರಿ ಆಯಿತು.

ಗುಡ್ಡ ಬಳಸುವವರೇ ಗುಡ್ಡ ಕಾಯಬಲ್ಲರು ಅನ್ನುವುದಕ್ಕೂ ಉದಾಹರಣೆ ಇದೆ. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ 2021ರಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ, ಕಾಡು ಕಾಡಾಗಿಯೇ ಇರಲಿ ಅಂತ ಎದ್ದು ನಿಂತವರು ಅಲ್ಲಿಗೆ ದಿನಾ ಹೋಗುವ ಜನರೇ. ಮಿತಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದರು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಟಿಕೆಟ್ ಇಲ್ಲದ ಚಾರಣ ನಿಲ್ಲಿಸಿ, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಬೇಕಾಯಿತು. ನಮ್ಮ ಗುಡ್ಡಗಳಿಗೆ ಅಂಥ ದಿನ ಬರುವ ಮುಂಚೆಯೇ ಮಾತಾಡಿಕೊಳ್ಳುವುದು ಜಾಣತನ. ಪಕ್ಕದ ಗದಗದಲ್ಲಿ 2022ರಲ್ಲಿ ಈ ಸೈಕಲ್ಲಿನ ರಾಷ್ಟ್ರಮಟ್ಟದ ಪಂದ್ಯವೇ ನಡೆದಿದೆ. ನಮ್ಮ ಕಡೆಗೂ ಬಂದೇ ಬರುತ್ತದೆ.

ನಾನು ಕೇಳುವುದು ಇಷ್ಟು

1. ದಾರಿ ಗುಡ್ಡಕ್ಕೆ ಅಡ್ಡ ಇರಲಿ. ಆಗಲೇ ಕೊರೆದಿರುವ ನೆಟ್ಟಗಿನ ಜಾಡಿಗೆ ಕಲ್ಲು, ಮುಳ್ಳು ಅಡ್ಡ ಹಾಕಿ ಮುಚ್ಚಲಿ.

2. ಇಂಗುಗುಂಡಿ, ಟ್ರೆಂಚ್, ಹೊಲದ ಬದು ಇವುಗಳ ಮೇಲೆ ಸೈಕಲ್ ಹತ್ತಿಸಬಾರದು. ಬದು ಒಂದು ಕಡೆ ಕುಸಿದರೆ ಸಾಕು, ಹೊಲದ ನೀರೆಲ್ಲ ಅಲ್ಲೇ ನುಗ್ಗುತ್ತದೆ.

3. ಮಳೆ ಬಿದ್ದ ಮೇಲೆ ಎರಡು ಮೂರು ದಿನ ಗುಡ್ಡ ಬಿಡಬೇಕು. ಹದ ಬರುವ ಮುಂಚೆ ನಾವು ಹೊಲಕ್ಕೆ ಎತ್ತು ಇಳಿಸುತ್ತೇವೆಯೇ? ಗುಡ್ಡಕ್ಕೂ ಹದ ಅಂತ ಒಂದಿದೆ.

4. ಕುರಿ ಹಿಂಡು ಎದುರಾದರೆ ಇಳಿದು ನಿಲ್ಲಬೇಕು. ಬೆದರಿ ಚದುರಿದ ಹಿಂಡು ಕೂಡಿಸಲು ಕುರಿಗಾಹಿಗೆ ಅರ್ಧ ದಿನ ಹಾಳು.

5. ಬಿಸ್ಕೀಟು, ಚಾಕಲೇಟಿನ ಕವರು ಜೇಬಲ್ಲೇ ವಾಪಸ್ ಹೋಗಲಿ. ಬೇಸಿಗೆಯಲ್ಲಿ ಒಣಹುಲ್ಲಿನ ಗುಡ್ಡಕ್ಕೆ ಬೀಡಿ, ಸಿಗರೇಟು ಬೇಡವೇ ಬೇಡ.

6. ಯಾರಾದರೂ ಪಂದ್ಯ ನಡೆಸುವುದಾದರೆ ಅರಣ್ಯ ಇಲಾಖೆ, ಪಂಚಾಯ್ತಿ, ದನ-ಕುರಿ ಮೇಯಿಸುವವರು ಮೂವರನ್ನೂ ಕೂರಿಸಿ ದಾರಿ ನಿಕ್ಕಿ ಮಾಡಲಿ. ದಾರಿ ಕಡಿಯುವ ಕೂಲಿ, ಮಳೆಗಾಲ ಕಳೆದ ಮೇಲೆ ರಿಪೇರಿಯ ಕೂಲಿ ಊರವರಿಗೇ ಸಿಗಲಿ.

ನಮ್ಮವರಿಗೂ ಒಂದು ಮಾತು. ಸೈಕಲ್ ಹುಡುಗರನ್ನು ಕಂಡರೆ ಗದರಿಸಿ ಓಡಿಸುವುದು ಸುಲಭ. ಓಡಿಸಿದರೆ ಅವರು ಇನ್ನೊಂದು ಗುಡ್ಡಕ್ಕೆ ಹೋಗಿ ಅಲ್ಲೂ ನೆಟ್ಟಗೇ ಇಳಿಯುತ್ತಾರೆ. "ಯಜಮಾನ್ರೇ, ಮೇಲಕ್ಕೆ ದಾರಿ ಯಾವುದು?" ಅಂತ ಅವರು ಕೇಳಿದಾಗ ಅಡ್ಡ ದಾರಿ ತೋರಿಸಿ, ಯಾಕೆ ಅಡ್ಡ ಅಂತಲೂ ಹೇಳಿ. ಓದಿದ ಹುಡುಗರು, ಬೇಗ ತಿಳಿದುಕೊಳ್ಳುತ್ತಾರೆ.

ಒಂದು ಅಂಗುಲ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು, ಹೋಗಲು ಒಂದು ಮಳೆ ಸಾಕು. ಸೈಕಲ್ ತುಳಿಯುವವರಿಗೂ ನೇಗಿಲು ಹಿಡಿಯುವವರಿಗೂ ಈ ಲೆಕ್ಕ ಒಂದೇ. ನಿಮ್ಮ ಕಡೆಯ ಗುಡ್ಡಗಳಿಗೂ ಈ ಸೈಕಲ್‌ನವರು ಬರುತ್ತಿದ್ದರೆ, ಊರವರು ಏನು ಕಟ್ಟುಪಾಡು ಮಾಡಿಕೊಂಡಿದ್ದೀರಿ ಅನ್ನುವುದನ್ನು ಪತ್ರಿಕೆಗೆ ಬರೆದು ತಿಳಿಸಿ. ಉಳಿದವರಿಗೂ ಅನುಕೂಲ ಆದೀತು.