ಆನ್‌ಲೈನ್ ಅಂಗಡಿಗಳಿಗೂ ಕಾವಲು ಬೇಕು



ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ತಾಲ್ಲೂಕು ಕೇಂದ್ರಗಳಾದವು. ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗಳೂ ಬಂದವು. ದ್ರಾಕ್ಷಿ ಬೆಳೆಗಾರನ ಉತಾರ, ಆಧಾರ್, ಪಾಸ್‌ಬುಕ್ಕಿನ ಪ್ರತಿ ಎಲ್ಲವೂ ಅಲ್ಲಿನ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ವಿಜಯಪುರ ನಗರದ ಅಂಗಡಿಗಳ ಕಥೆಯೂ ಬೇರೆಯಲ್ಲ. ದಿನವಿಡೀ ಯಾರ್‍ಯಾರದೋ ಪೆನ್‌ಡ್ರೈವ್ ಅಲ್ಲಿನ ಕಂಪ್ಯೂಟರುಗಳಿಗೆ ಸಿಕ್ಕಿಸುತ್ತಾರೆ.

ಇಂಥ ಕಡೆ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಳ್ಳುವುದು ದೊಡ್ಡ ಅಪಾಯ. ಅದನ್ನು ಹಾಕುವಾಗ ಆಂಟಿವೈರಸ್ ಬಂದ್ ಮಾಡಲು ಹೇಳುತ್ತಾರೆ. ಕಳ್ಳನೇ ಬಂದು ಬಾಗಿಲು ತೆಗೆದಿಡಿ ಎಂದಂತೆ! ಅಪ್‌ಡೇಟ್ ಇಲ್ಲದ ಹಳೆಯ ವಿಂಡೋಸ್ ಕೂಡ ಅಪಾಯವೇ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದ ವನ್ನಾಕ್ರೈ ನೆನಪಿರಬಹುದು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ದುಬಾರಿ ಸಾಫ್ಟ್‌ವೇರ್ ಬೇಕೆಂದೇನಿಲ್ಲ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಚಾಲೂ ಇರಲಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಉಚಿತ ಸಾಧನಗಳನ್ನು ಕೊಡುತ್ತದೆ. ಗಿರಾಕಿ ಎದ್ದುಹೋಗುವ ಮೊದಲು ಅವರ ಕಡತ ಅಳಿಸಿ, ವಾಟ್ಸ್ಆ್ಯಪ್ ವೆಬ್ ಲಾಗೌಟ್ ಮಾಡಿಸಬೇಕು. ಸಬ್ಸಿಡಿ, ಚಲನ್ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನಂತೂ ಮೊಬೈಲಿನಲ್ಲಿ ಒತ್ತಲೇಬಾರದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ವಿಜಯಪುರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸರು ಕಾಲೇಜುಗಳಲ್ಲಷ್ಟೇ ಅಲ್ಲ, ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಅಂಗಡಿಕಾರರನ್ನೂ ಒಂದು ದಿನ ಕೂಡಿಸಿ ತಿಳಿವಳಿಕೆ ಕೊಡಲಿ. ಪರವಾನಗಿ ನವೀಕರಿಸುವಾಗ ಸ್ಥಳೀಯ ಸಂಸ್ಥೆಗಳು ಕಂಪ್ಯೂಟರಿನ ಸ್ಥಿತಿಯನ್ನೂ ಕೇಳಲಿ.

— ಓದುಗ, ವಿಜಯಪುರ