ಆರು ರನ್ನಿನ ಲೆಕ್ಕ
ಕುಂದಾಪುರದ ಗಾಂಧಿ ಮೈದಾನವಿರಲಿ, ಬೈಂದೂರು, ಬ್ರಹ್ಮಾವರದ ಕಾಲೇಜು ಅಂಗಳವಿರಲಿ, ಕೂದಲೆಳೆಯಲ್ಲಿ ಸೋತ ತಂಡದ ಅಭಿಮಾನಿಗಳು ಕೊನೆಗೆ ಔಟಾದವನನ್ನೇ ಹಿಡಿದು ಜಾಡಿಸುವುದು ನ್ಯಾಯವಲ್ಲ. 2010ರ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಕರ್ನಾಟಕ ಮುಂಬೈ ಎದುರು ರಣಜಿ ಫೈನಲ್ ಸೋತದ್ದು ಬರೀ 6 ರನ್ನಿನಿಂದ. ಗುರಿ 338, ನಾವು 331ಕ್ಕೆ ಆಲೌಟ್. ಮನೀಶ್ ಪಾಂಡೆ 144, ಗಣೇಶ್ ಸತೀಶ್ 75 ಹೊಡೆದು ದಡದ ಹತ್ತಿರ ತಂದಿಟ್ಟ ಮೇಲೂ ಉಳಿದವರಿಗೆ ದಾಟಿಸಲು ಆಗಲಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ, ಕೆಳಗಿನ ಕ್ರಮಾಂಕ ಮುಂಬೈ ಬೌಲರ್ ಅಗರ್ಕರ್ ಎದುರು ಇನ್ನಷ್ಟು ತಾಳಬಹುದಿತ್ತು. ಆದರೆ ಸ್ಕೋರ್ ಪಟ್ಟಿಯನ್ನು ಮೇಲಿನಿಂದ ಓದಬೇಕು. ಮೊದಲ ಇನಿಂಗ್ಸ್‌ನಲ್ಲಿ ಮುಂಬೈ 233, ನಮ್ಮದು 130, ಹಿನ್ನಡೆ 103. ಎರಡನೆಯದರಲ್ಲಿ ಅಭಿಮನ್ಯು ಮಿಥುನ್ 6 ವಿಕೆಟ್ ಕಿತ್ತರೂ ಮುಂಬೈ ಬೌಲರ್ ಧವಳ್ ಕುಲಕರ್ಣಿ 87 ರನ್ ಬಾರಿಸಿಬಿಟ್ಟರು. ಆ 6 ರನ್ ಕೈತಪ್ಪಿದ್ದು ಅಲ್ಲಿ. ಒತ್ತಡ ಗೆಲ್ಲುವುದೇ ದೊಡ್ಡ ಆಟಗಾರನ ಲಕ್ಷಣವಲ್ಲವೇ ಎನ್ನಬಹುದು. ಹೌದು, ಆದರೆ ನಾಲ್ಕನೇ ಇನಿಂಗ್ಸ್‌ನ ಒತ್ತಡವನ್ನು ತಂದವರು ಮೊದಲ ಇನಿಂಗ್ಸ್‌ನಲ್ಲಿ ಬೇಗ ಪೆವಿಲಿಯನ್ ಸೇರಿದವರು. ಅದರ ಸಾಲವನ್ನು ಹನ್ನೊಂದನೆಯವನ ತಲೆಗೆ ಕಟ್ಟುವುದು ಹೇಗೆ? ಬಾಸ್ಕೆಟ್‌ಬಾಲ್‌ನಲ್ಲೂ ಹೀಗೆಯೇ: ಮೊದಲ ಕ್ವಾರ್ಟರ್‌ನಲ್ಲಿ ತಪ್ಪಿದ ಫ್ರೀ ಥ್ರೋಗೂ ಕೊನೆಯ ಸೆಕೆಂಡಿನದಕ್ಕೂ ಬೆಲೆ ಒಂದೇ ಅಂಕ. ಮೈಸೂರಿನಲ್ಲಿ ಸೋತ ಪಾಂಡೆ, ಮಿಥುನ್, ವಿನಯ್ ಕುಮಾರ್ ಅವರನ್ನು ಆಗ ಮೂಲೆಗೆ ತಳ್ಳಲಿಲ್ಲ. ವಿನಯ್ ನಾಯಕತ್ವದಲ್ಲಿ ಕರ್ನಾಟಕ 2013-14ರಲ್ಲೂ 2014-15ರಲ್ಲೂ ರಣಜಿ ಗೆದ್ದಿತು, ಎರಡನೆಯದನ್ನು ಮುಂಬೈಯ ವಾಂಖೆಡೆಯಲ್ಲೇ.