ಪಾಲೆರ್ಮೊ: ಒಂದು ಕಲ್ಲು, ನಾಲ್ಕು ಲಿಪಿ

ಮೆಡಿಟರೇನಿಯನ್ ಸಮುದ್ರದ ಸಿಸಿಲಿ ದ್ವೀಪದ ರಾಜಧಾನಿ ಪಾಲೆರ್ಮೊ. ಫಿನೀಷಿಯನ್ ವರ್ತಕರು ನೆಲೆಗೊಳಿಸಿದ ಈ ಬಂದರು 831ರಲ್ಲಿ ಅರಬರ ವಶವಾಯಿತು; 1072ರಲ್ಲಿ ನಾರ್ಮನ್ನರು ಅದನ್ನು ಗೆದ್ದುಕೊಂಡರು. ಗೆದ್ದವರು ಸೋತವರ ಭಾಷೆಯನ್ನು ಕೂಡಲೇ ಹೊರಗಟ್ಟಲಿಲ್ಲ. ಅರಮನೆ, ಇಗರ್ಜಿಗಳ ಸೊಬಗಿಗಿಂತಲೂ ಅವುಗಳ ಮೇಲಿನ ಅಕ್ಷರಗಳೇ ಇಲ್ಲಿ ಹೆಚ್ಚು ನೋಡತಕ್ಕವು.

ನಾರ್ಮನ್ ಅರಮನೆಯಲ್ಲಿ ಇಂದಿಗೂ ಸಿಸಿಲಿಯ ಪ್ರಾದೇಶಿಕ ಶಾಸನಸಭೆ ಸೇರುತ್ತದೆ. ಅದರೊಳಗಿನ ಪ್ರಾರ್ಥನಾಮಂದಿರವನ್ನು ಕಟ್ಟಿಸಿದವನು ಎರಡನೆಯ ರೋಜರ್ ದೊರೆ. ಗೋಡೆಗಳ ತುಂಬ ಚಿನ್ನದ ಹೊಳಪಿನ ಹರಳುಗಳಲ್ಲಿ ರಚಿಸಿದ ಕ್ರೈಸ್ತ ಚಿತ್ರಗಳು, ಅವುಗಳ ಪಕ್ಕದಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಬರಹ. ತಲೆಯೆತ್ತಿದರೆ ಜೇನುಗೂಡಿನಂತೆ ಕೊರೆದ ಮರದ ಛಾವಣಿ. ಅಲ್ಲಿ ವಾದ್ಯಗಾರರು, ಚದುರಂಗವಾಡುವವರು, ಅರಬ್ಬಿಯಲ್ಲಿ ಬರೆದ ಶುಭವಚನಗಳು. ಈ ದೊರೆ ಮಾಡಿಸಿದ ಜಲಗಡಿಯಾರದ 1142ರ ಶಾಸನವಂತೂ ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರರಲ್ಲಿಯೂ ಇದೆ. ಅವನ ಆಶ್ರಯದಲ್ಲಿದ್ದ ಇದ್ರೀಸಿ 1154ರಲ್ಲಿ ಮುಗಿಸಿದ ಹೆಸರಾಂತ ಭೂಗೋಳ ಗ್ರಂಥದ ಭಾಷೆಯೂ ಅರಬ್ಬಿಯೇ.

ಮಾರ್ತೊರಾನಾ ಇಗರ್ಜಿಯಲ್ಲಿ ಕ್ರಿಸ್ತನು ರೋಜರನಿಗೆ ಕಿರೀಟ ತೊಡಿಸುವ ಚಿತ್ರವಿದೆ. ಮೇಲೆ ಬರೆದಿರುವ ‘ರೆಕ್ಸ್’, ಅಂದರೆ ರಾಜ, ಎಂಬ ಪದ ಲ್ಯಾಟಿನ್, ಲಿಪಿ ಗ್ರೀಕ್. ಮಹಾ ಇಗರ್ಜಿಯ ದಕ್ಷಿಣ ಮುಖಮಂಟಪದ ಒಂದು ಕಂಬದಲ್ಲಿ ಕುರಾನಿನ ವಾಕ್ಯವೇ ಉಳಿದಿದೆ.

ಅವಸರದ ಪ್ರವಾಸಿಗರು ಬಿಟ್ಟುಬಿಡುವ ಜಾಗ ಜೀಸಾ ಅರಮನೆ. ಅಲ್ಲಿ 1149ರ ಒಂದು ಸಣ್ಣ ಸ್ಮಾರಕಶಿಲೆಯಿದೆ. ಗ್ರಿಸಾಂತೊ ಎಂಬ ಪಾದ್ರಿ ತನ್ನ ತಾಯಿ ಅನ್ನಾಳ ನೆನಪಿಗೆ ಇಡಿಸಿದ ಕಲ್ಲು ಅದು. ಒಬ್ಬ ತಾಯಿಯ ಸಾವಿನ ಸುದ್ದಿ ನಾಲ್ಕು ಲಿಪಿಗಳಲ್ಲಿದೆ: ಲ್ಯಾಟಿನ್, ಗ್ರೀಕ್, ಅರಬ್ಬಿ, ಹೀಬ್ರೂ. ಹೀಬ್ರೂ ಅಕ್ಷರಗಳಲ್ಲಿರುವ ಭಾಷೆ ಮಾತ್ರ ಅರಬ್ಬಿ. ಊರಿನ ಯಹೂದಿಗಳು ಬರೆಯುತ್ತಿದ್ದುದೇ ಹಾಗೆ. ತುಳುವನ್ನೂ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲಿ ಓದಿ ಬೆಳೆದ ಕಾಸರಗೋಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಗಣನೆಯನ್ನು ಸಹ ಆಯಾ ಸಮುದಾಯದ ಶಕೆಯಂತೆ ಬೇರೆಬೇರೆಯಾಗಿಯೇ ಕೆತ್ತಿಸಲಾಗಿದೆ.

ಈ ಸ್ಥಿತಿ ಬಹುಕಾಲ ಬಾಳಲಿಲ್ಲ. ಮುಂದಿನ ಶತಮಾನದಲ್ಲಿ ಎರಡನೆಯ ಫ್ರೆಡರಿಕ್ ಚಕ್ರವರ್ತಿ ದ್ವೀಪದ ಮುಸ್ಲಿಮರನ್ನು ಇಟಲಿಯ ಲುಚೇರಾ ಪಟ್ಟಣಕ್ಕೆ ಸಾಗಿಸಿದ. 1492ರಲ್ಲಿ ಸ್ಪೇನಿನ ಅರಸರ ಆಜ್ಞೆ ಯಹೂದಿಗಳನ್ನು ಹೊರಡಿಸಿತು. ಸಿಸಿಲಿಯ ಅರಬ್ಬಿ ನಾಲಗೆಯಿಂದ ಮರೆಯಾಯಿತು. ಅದರ ಕವಲು ನೆರೆಯ ಮಾಲ್ಟಾದಲ್ಲಿ ಮಾಲ್ಟೀಸ್ ಭಾಷೆಯಾಗಿ ಇಂದಿಗೂ ಬಾಳುತ್ತಿದೆ.

ಹಳೆಯ ಯಹೂದಿ ಕೇರಿಯ ಬೀದಿಗಳಲ್ಲಿ ಈಗ ಇಟಾಲಿಯನ್, ಹೀಬ್ರೂ, ಅರಬ್ಬಿ ನಾಮಫಲಕಗಳಿವೆ. ಓದುವವರು ಹೊರಟುಹೋದ ಎಷ್ಟೋ ಕಾಲದ ಮೇಲೆ ಬಂದ ಫಲಕಗಳವು. ಅವುಗಳಿಗಿಂತ ಊರಜನರ ಬಾಯಿಯೇ ಹೆಚ್ಚು ನಂಬಿಕೆಯದು: ಮುಖ್ಯ ಬೀದಿಗೆ ದೊರೆ ವಿಟ್ಟೋರಿಯೊ ಎಮಾನುಯೆಲೆಯ ಹೆಸರಿದ್ದರೂ ಹಳಬರು ಅದನ್ನು ಕರೆಯುವುದು ‘ಕಸ್ಸಾರೊ’ ಎಂದೇ. ಕೋಟೆ ಎಂಬರ್ಥದ ಅರಬ್ಬಿ ‘ಕಸ್ರ್’ ಅದರ ಮೂಲ. ಅಲ್ಲಿಂದ ಸ್ವಲ್ಪ ನಡೆದರೆ ಬಲ್ಲರೊ ಸಂತೆ. ಕಡಲೆಹಿಟ್ಟನ್ನು ಬೇಯಿಸಿ, ಆರಿಸಿ, ತುಂಡು ಮಾಡಿ ಕರಿದ ‘ಪನೆಲ್ಲೆ’ ಅಲ್ಲಿ ಬಿಸಿಬಿಸಿಯಾಗಿ ದೊರೆಯುತ್ತದೆ.